ಮನೆಯ ತೊಟ್ಟಿಯಲ್ಲಿ ಹವಳ: ಎಷ್ಟು ಬೆಳಕು, ಎಂಥ ಬೆಳಕು?

ಹವಳ ಎಂದರೆ ನಮಗೆ ಮೊದಲು ನೆನಪಾಗುವುದು ತಾಳಿಸರದಲ್ಲಿ ಕರಿಮಣಿಯ ಜೊತೆ ಪೋಣಿಸಿದ ಕೆಂಪು ಮಣಿ. ಆ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದಲ್ಲಿ, ಬಂಡೆಗಳ ಅಡಿಯ ಮಬ್ಬುಗತ್ತಲಲ್ಲಿ ಬೆಳೆಯುತ್ತದೆ. ಅದು ಬದುಕಲು ಬೆಳಕು ಬೇಕಿಲ್ಲ. ಆದರೆ ಅಕ್ವೇರಿಯಂನಲ್ಲಿ ಸಾಕುವ ಹೆಚ್ಚಿನ ಹವಳಗಳ ಕತೆ ತದ್ವಿರುದ್ಧ. ಅವು ಗಿಡವೂ ಅಲ್ಲ, ಕಲ್ಲೂ ಅಲ್ಲ, ಪ್ರಾಣಿಗಳು. ಅವುಗಳ ಮೈಯ ಕೋಶಗಳೊಳಗೆ ಬರಿಗಣ್ಣಿಗೆ ಕಾಣದ ಪಾಚಿಗಳು ಬಾಡಿಗೆಗೆ ಇದ್ದಂತೆ ವಾಸವಾಗಿರುತ್ತವೆ. ಬೆಳಕು ಬಿದ್ದಾಗ ಪಾಚಿ ಸಕ್ಕರೆ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 90ರಷ್ಟು ಹೀಗೆ ಸಿಗಬಹುದು. ಆದ್ದರಿಂದ ಹವಳದ ತೊಟ್ಟಿಯ ದೀಪ ಅಲಂಕಾರದ ವಸ್ತುವಲ್ಲ, ಅದೇ ಊಟ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಸಮುದ್ರ ಸುಮಾರು 200 ಕಿ.ಮೀ. ದೂರ. (ಚಿತ್ರದುರ್ಗ–ಹಿರಿಯೂರು ನಡುವಿನ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ಹೆಪ್ಪುಗಟ್ಟಿದ ದಿಂಬಿನಾಕಾರದ ಲಾವಾ ಶಿಲೆಗಳಿವೆ, ಒಂದು ಕಾಲಕ್ಕೆ ಸಮುದ್ರ ಇಲ್ಲೇ ಇತ್ತು. ಆದರೆ ಅದು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಮಾತು.) ಇಲ್ಲಿ ಉಪ್ಪುನೀರಿನ ತೊಟ್ಟಿ ಇಡುವವರು ನೀರು, ಉಪ್ಪು, ಬೆಳಕು ಎಲ್ಲವನ್ನೂ ತಾವೇ ಒದಗಿಸಬೇಕು.

ಆಗ ಬರುವ ಮೊದಲ ಪ್ರಶ್ನೆ: ಇಷ್ಟು ಬಿಸಿಲಿರುವ ಊರಲ್ಲಿ ದೀಪ ಯಾಕೆ, ಕಿಟಕಿಯ ಪಕ್ಕ ಇಟ್ಟರೆ ಸಾಲದೇ? ಪ್ರಶ್ನೆಯಲ್ಲಿ ಅರ್ಥವಿದೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ನೇತ್ರಾಣಿಯೂ ಹೊಳಲ್ಕೆರೆಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎರಡರ ಮೇಲೂ ಸೂರ್ಯ ನೆತ್ತಿಗೆ ಬರುವುದು ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮಧ್ಯದಲ್ಲಿ. ಆದರೆ ನೇತ್ರಾಣಿಯ ಹವಳಕ್ಕೆ ಬಿಸಿಲು ಮೇಲಿನಿಂದ, ಹಲವು ಮೀಟರ್ ನೀರನ್ನು ದಾಟಿ ಬರುತ್ತದೆ. ನೀರು ಮೊದಲು ಕೆಂಪನ್ನು ಹೀರುತ್ತದೆ, ನೀಲಿ ಮಾತ್ರ ಆಳಕ್ಕೆ ಇಳಿಯುತ್ತದೆ. ಕಿಟಕಿಯ ಬಿಸಿಲು ಪಕ್ಕದಿಂದ, ಒಂದೆರಡು ಗಂಟೆ, ಕೆಂಪಿನ ಸಮೇತ ಬರುತ್ತದೆ. ಅದರಿಂದ ಗಾಜಿನ ಮೇಲೆ ಹಸಿರು ಪಾಚಿ ಚೆನ್ನಾಗಿ ಬೆಳೆಯುತ್ತದೆ, ನೀರು ಕಾಯುತ್ತದೆ. ಹವಳಕ್ಕೆ ಹಿತವಾದುದು 24ರಿಂದ 27 ಡಿಗ್ರಿ ನೀರು. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೂ ಹವಳ ತನ್ನ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಇದೇ. ಸಮುದ್ರಕ್ಕೇ ತಡೆಯಲಾಗದ್ದು ಕಿಟಕಿಯ ಪಕ್ಕದ ನೂರು ಲೀಟರಿಗೆ ಆಗುತ್ತದೆಯೇ? ಕಿಟಕಿ ಬೇಡ.

ದೀಪ ಕೊಳ್ಳುವಾಗ ನಾವು ವ್ಯಾಟ್ ಕೇಳುವುದು ರೂಢಿ. ವ್ಯಾಟ್ ಎಂಬುದು ಕರೆಂಟ್ ಬಿಲ್ಲಿನ ಲೆಕ್ಕ, ಬೆಳಕಿನದಲ್ಲ. ಡಬ್ಬಿಯ ಮೇಲಿನ ಕೆಲ್ವಿನ್ ಸಂಖ್ಯೆ ಬೆಳಕಿನ ಛಾಯೆಯನ್ನಷ್ಟೇ ಹೇಳುತ್ತದೆ. 6,500 ಎಂದರೆ ಹಗಲಿನ ಬಿಳಿ, 14,000–20,000 ಎಂದರೆ ನೀಲಿ. ಹವಳಕ್ಕೆ ಮುಖ್ಯವಾದ ಅಳತೆ ಪಾರ್. 400ರಿಂದ 700 ನ್ಯಾನೊಮೀಟರ್ ನಡುವಿನ, ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಕಣಗಳು ಪ್ರತಿ ಸೆಕೆಂಡಿಗೆ ಒಂದು ಚದರ ಮೀಟರ್ ಮೇಲೆ ಎಷ್ಟು ಬೀಳುತ್ತವೆ ಎಂಬ ಲೆಕ್ಕ ಅದು. ನಡುಹಗಲ ಬಿಸಿಲಿನಲ್ಲಿ ಇದು ಸುಮಾರು 2,000. ಹೊಸಬರು ಇಡುವ ಮೆತ್ತನೆಯ ಹವಳಗಳಿಗೆ, ಅಂದರೆ ಅಣಬೆಯಂತೆ ಕಾಣುವ ಮಶ್ರೂಮ್, ಗುಂಡಿಗಳನ್ನು ಜೋಡಿಸಿಟ್ಟಂತಿರುವ ಜೊಯಾಂಥಿಡ್, ತೊಗಲಿನಂಥ ಲೆದರ್ ಹವಳ ಇವಕ್ಕೆ, 50ರಿಂದ 150 ಸಾಕು. ಕವಲೊಡೆದು ಬೆಳೆಯುವ ಗಟ್ಟಿ ಹವಳಗಳಿಗೆ 200–350 ಬೇಕಾಗುತ್ತದೆ.

ಪಾರ್ ಮೀಟರ್ ದುಬಾರಿ. ಮೊಬೈಲಿನ ಲಕ್ಸ್ ಆ್ಯಪ್‌ನಿಂದ ಅಂದಾಜು ಮಾಡಬಹುದು. ಬಿಳಿ ಬೆಳಕಾದರೆ ಲಕ್ಸ್ ಅನ್ನು 54ರಿಂದ ಭಾಗಿಸಿ. 5,400 ಲಕ್ಸ್ ಎಂದರೆ ಸುಮಾರು 100 ಪಾರ್. ನೀಲಿ ದೀಪಕ್ಕೆ ಈ ಲೆಕ್ಕ ಕೆಡುತ್ತದೆ. ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ತಕ್ಕ ಅಳತೆ, ನಮ್ಮ ಕಣ್ಣಿಗೆ ನೀಲಿ ಮಂಕು. ಮೊಬೈಲು ತೋರಿಸುವುದಕ್ಕಿಂತ ಹವಳಕ್ಕೆ ಸಿಗುವುದು ಬಹಳ ಹೆಚ್ಚಿರುತ್ತದೆ. "ಕತ್ತಲಾಗಿದೆಯಲ್ಲ" ಎಂದು ನೀಲಿಯನ್ನು ಪೂರ್ತಿ ಏರಿಸಿ ಹವಳ ಸುಟ್ಟುಕೊಳ್ಳುವುದು ಹೀಗೆಯೇ.

ಹಾಗಾದರೆ ಕೊಳ್ಳುವುದು ಯಾವುದನ್ನು? ಬಿಳಿ ಮತ್ತು ನೀಲಿ ಎರಡನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸಬಲ್ಲ, ಟೈಮರ್ ಇರುವ, ಸಮುದ್ರದ ತೊಟ್ಟಿಗೆಂದೇ ಮಾಡಿದ ಎಲ್‌ಇಡಿ ದೀಪ. ಬಣ್ಣ ಬದಲಿಸುವ ಅಲಂಕಾರದ ಪಟ್ಟಿ ದೀಪ ಮೀನಿನ ಅಂದಕ್ಕೆ ಸರಿ, ಹವಳಕ್ಕೆ ಸಾಲದು. ಸಿಹಿನೀರಿನ ಗಿಡಗಳ ದೀಪದಲ್ಲಿ ಕೆಂಪು ಹೆಚ್ಚು, ಅದೂ ಬೇಡ. ಡಬ್ಬಿಯ ಮೇಲೆ "ಫುಲ್ ಸ್ಪೆಕ್ಟ್ರಮ್" ಎಂದು ಬರೆದಿದ್ದರೆ ಅದಕ್ಕೆ ಮರುಳಾಗದೆ, ಯಾವ ಆಳದಲ್ಲಿ ಎಷ್ಟು ಪಾರ್ ಎಂಬ ನಕ್ಷೆ ಇದೆಯೇ ಎಂದು ಕೇಳಿ. ಅಂಗಡಿಯ ಫೋಟೊಗಳಲ್ಲಿ ಹೊಳೆಯುವ ಹಸಿರು, ಕಿತ್ತಳೆ ಬಣ್ಣಗಳೂ ಅಷ್ಟೇ: ಕಡುನೀಲಿ ಬೆಳಕಿನಲ್ಲಿ ಹವಳದ ಕೆಲವು ಪ್ರೋಟೀನುಗಳು ಹಾಗೆ ಬೆಳಗುತ್ತವೆ. ಮನೆಯ ಬಿಳಿ ಬೆಳಕಿನಲ್ಲಿ ಅದೇ ಹವಳ ಕಂದು ಕಂಡರೆ ಮೋಸವಾಯಿತೆಂದಲ್ಲ.

ಹೊಸ ಹವಳವನ್ನು ತಂದ ದಿನವೇ ಪೂರ್ತಿ ಬೆಳಕಿಗೆ ಒಡ್ಡಬಾರದು. ಮೂರನೇ ಒಂದರಿಂದ ಅರ್ಧದಷ್ಟು ಬೆಳಕಿನಲ್ಲಿ, ತಳದಲ್ಲಿಟ್ಟು, ಮೂರು ನಾಲ್ಕು ವಾರಗಳಲ್ಲಿ ಏರಿಸುತ್ತ ಹೋಗಿ. ದಿನಕ್ಕೆ 8–10 ಗಂಟೆ ಸಾಕು, ರಾತ್ರಿ ಕತ್ತಲು ಬೇಕೇಬೇಕು. ಬೆಳಕು ಕಡಿಮೆಯಾದರೆ ಹವಳ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಕಂದು ತಿರುಗುತ್ತದೆ. ಅದು ಕೊಳೆಯಲ್ಲ, ಒಳಗಿನ ಪಾಚಿ ಹೆಚ್ಚಿದೆ ಅಷ್ಟೆ. ಬೆಳಕು ಹೆಚ್ಚಾದರೆ ಮುದುಡುತ್ತದೆ, ಬಿಳಿಚುತ್ತದೆ.

ಕರೆಂಟ್ ಹೋದರೆ? ದೀಪ ನಾಲ್ಕಾರು ಗಂಟೆ ಆರಿದರೆ ಏನೂ ಆಗದು, ಮೋಡ ಕವಿದ ದಿನವೆಂದುಕೊಳ್ಳಿ. ನೀರು ತಿರುಗಿಸುವ ಪಂಪು ನಿಂತರೆ ಆಮ್ಲಜನಕ ಇಳಿಯುತ್ತದೆ. ಯುಪಿಎಸ್ ಇದ್ದರೆ ಅದನ್ನು ಪಂಪಿಗೆ ಕೊಡಿ. ಇನ್ನು ಸೆಖೆ. ಇಲ್ಲಿ ಬಯಲುಸೀಮೆಯ ಒಣಗಾಳಿಯೇ ಒಂದು ಅನುಕೂಲ: ಮಡಕೆಯ ನೀರು ತಣ್ಣಗಾಗುವ ಬಗೆಯಲ್ಲೇ, ನೀರಿನ ಮೇಲೆ ಚಿಕ್ಕ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ದಿನವೂ ಆರ್‌ಒ ಸಿಹಿನೀರನ್ನೇ ತುಂಬಬೇಕು. ಬೋರ್‌ವೆಲ್ ನೀರು ಬೇಡ, ಈ ಜಿಲ್ಲೆಯ ಹಲವೆಡೆ ಅದರಲ್ಲಿ ಲವಣಗಳೂ ಫ್ಲೋರೈಡೂ ಹೆಚ್ಚು. ಉಪ್ಪುನೀರಿನ ಮೇಲೆ ತೂಗುವ ದೀಪಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಸಂಪರ್ಕ ಕೊಡಬೇಡಿ.

ದೀಪಕ್ಕೆ ದುಡ್ಡು ಹಾಕುವ ಮುನ್ನ ತಿಳಿಯಬೇಕಾದ ವಿಷಯ ಇನ್ನೊಂದಿದೆ. ವಿದೇಶಿ ವೀಡಿಯೊಗಳಲ್ಲಿ "ಹೊಸಬರಿಗೆ ಸುಲಭ" ಎಂದು ತೋರಿಸುವ ಹ್ಯಾಮರ್, ಟಾರ್ಚ್, ಬ್ರೇನ್ ಹವಳಗಳೆಲ್ಲ ಸುಣ್ಣದ ಅಸ್ಥಿ ಕಟ್ಟುವ ಗಟ್ಟಿ ಹವಳಗಳು. ಗಟ್ಟಿ ಹವಳಗಳ ಇಡೀ ಗುಂಪನ್ನು, ಜೊತೆಗೆ ಕರಿಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆಗಳನ್ನು, ಭಾರತ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟಕ್ಕೆ ಸೇರಿಸಿತು, ಹುಲಿ ಆನೆಗಳ ಸಾಲಿಗೆ. ಶಿಕ್ಷೆ ಮೂರರಿಂದ ಏಳು ವರ್ಷ ಸೆರೆ. ಅಂಡಮಾನ್ ಪ್ರವಾಸದಿಂದ ನೆನಪಿಗೆಂದು ತಂದ ಸತ್ತ ಹವಳದ ತುಂಡಿಗೂ ಕಾಯ್ದೆ ಅನ್ವಯಿಸುತ್ತದೆ. ಮಶ್ರೂಮ್, ಜೊಯಾಂಥಿಡ್‌ಗಳು ಆ 2001ರ ಪಟ್ಟಿಯಲ್ಲಿಲ್ಲ. ಆದರೂ ಮಾರುವವರಿಂದ ಬಿಲ್ಲು ಮತ್ತು ಮೂಲದ ದಾಖಲೆ ಕೇಳಿ ಪಡೆಯಿರಿ, ಅನುಮಾನವಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಅಂದರೆ ಕಾನೂನಿನ ತೊಡಕಿಲ್ಲದೆ ಸಾಕಬಹುದಾದವು ಕಡಿಮೆ ಬೆಳಕಿನವೇ; ದುಬಾರಿ, ಪ್ರಖರ ದೀಪದ ಅಗತ್ಯವೇ ಬರುವುದಿಲ್ಲ. ಜೊಯಾಂಥಿಡ್ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಅವು ಅಂಟಿದ ಕಲ್ಲನ್ನು ಎಂದೂ ಕುದಿಸಬೇಡಿ: ಕೆಲವು ಜಾತಿಗಳಲ್ಲಿರುವ ಪಾಲಿಟಾಕ್ಸಿನ್ ಎಂಬ ಕಡುವಿಷ ಹಬೆಯ ಮೂಲಕವೂ ದೇಹ ಸೇರಬಲ್ಲದು.