ಸ್ಕಿಲ್ ಗೇಮ್ ಅಂತೆ, ಸ್ಕಿಲ್ ಗೇಮು!

"ಪೋಕರ್ ಜೂಜಲ್ಲ ಗುರು, ಸ್ಕಿಲ್ ಗೇಮ್." ನಮ್ಮ ಐಟಿ ಹುಡುಗರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಯುಗಾದಿಗೆ ನಮ್ಮೂರ ಅರಳಿಕಟ್ಟೆಯಲ್ಲಿ ಅಂದರ್ ಬಾಹರ್ ಆಡೋರು ಅದನ್ನು ಜೂಜು ಅಂತಲೇ ಕರೀತಾರೆ. ಬಿಇ ಓದಿದ ನಮಗೆ ಮಾತ್ರ ಮರ್ಯಾದಸ್ಥ ಹೆಸರು ಬೇಕು.

ಪೋಕರ್‌ನಲ್ಲಿ ಕೌಶಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಟೆಕ್ಸಾಸ್ ಹೋಲ್ಡೆಮ್ ಅನ್ನೇ ತಗೊಳ್ಳಿ. ಕೈಗೆ 2 ಎಲೆ. ನಡುವೆ ಎಲ್ಲರಿಗೂ ಸೇರಿದ 5 ಎಲೆ: ಮೊದಲು 3, ಆಮೇಲೆ 1, ಕೊನೆಗೆ 1. ಬೆಟ್ಟಿಂಗ್ 4 ಸುತ್ತು. ಈ 7ರಲ್ಲಿ ಯಾರ 5 ಎಲೆ ದೊಡ್ಡದೋ ಅವರಿಗೆ ಪಾಟ್. ಅಥವಾ ಉಳಿದವರೆಲ್ಲ ಹೆದರಿ ಎಲೆ ಬಿಸಾಕಿದರೆ ಕೊನೆಗೆ ಉಳಿದವನಿಗೆ.

ಈಗ ಕೊನೆಯ ಎಲೆ ಬಾಕಿ, ನಿಮ್ಮ ಲೆಕ್ಕಕ್ಕೆ 4 ಆಟೀನು ಬಂದಿವೆ ಅಂದುಕೊಳ್ಳಿ. ಇನ್ನೊಂದು ಬಂದರೆ ಫ್ಲಶ್. ನೀವು ಕಾಣದ 46 ಎಲೆಗಳಲ್ಲಿ ಆಟೀನು 9, ಅಂದರೆ ನೂರಕ್ಕೆ ಸುಮಾರು 20. ಪಾಟ್‌ನಲ್ಲಿ 100 ರೂಪಾಯಿ ಇತ್ತು, ಎದುರಿನವನು 50 ಹಾಕಿದ. ನೀವೂ 50 ಹಾಕಿದರೆ ಒಟ್ಟು 200. ಗಿಟ್ಟಬೇಕಾದರೆ ನೂರಕ್ಕೆ 25 ಸಲ ಗೆಲ್ಲಬೇಕು. ಗೆದ್ದಾಗ ಮುಂದೆ ಇನ್ನಷ್ಟು ಸಿಗುತ್ತೆ ಅನ್ನೋ ಭರವಸೆ ಇಲ್ಲದಿದ್ದರೆ ಎಲೆ ಬಿಸಾಕಿ. ಹೊಸಬನಿಗೆ ಬೇಕಾದ ದೊಡ್ಡ ವಿದ್ಯೆ ಇದೇ, ಬಿಡೋದು.

ಸರಿ, ಕೌಶಲ ಇದೆ. ಹಾಗಾದರೆ ಅದರ ಅರ್ಥ ಏನು ಸ್ವಾಮಿ? ಲೆಕ್ಕ ಬಂದವನು ಬಾರದವನ ಸಂಬಳ ತಿಂತಾನೆ ಅಂತ ತಾನೇ? ಹೊಸಬನಿಗೆ ಇದು ಧೈರ್ಯದ ಮಾತಲ್ಲ, ಎಚ್ಚರಿಕೆ.

ಎಲ್ಲರೂ ಸಮಾನ ಜಾಣರಾದರೋ? 6 ಜನ ತಲಾ 1000 ತಂದರು, ಟೇಬಲ್ ನಡೆಸೋನು ಪ್ರತಿ ಪಾಟ್‌ನಲ್ಲಿ 5% ಮುರ್ಕೊಂಡ ಅಂತಿಟ್ಟುಕೊಳ್ಳಿ. 200 ರೂಪಾಯಿಯ 100 ಪಾಟ್ ಆಗುವಷ್ಟರಲ್ಲಿ 6000 ಇದ್ದದ್ದು 5000. ಒಬ್ಬನ ದುಡ್ಡು ಪೂರ್ತಿ ಮಾಯ, ಎಲೆ ಮುಟ್ಟದವನ ಜೇಬಿಗೆ!

1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಅಂದಿತು. ಪೋಕರ್ ಭಕ್ತರೂ ಅದನ್ನೇ ಎಳೆದು ತರ್ತಾರೆ. ಪಣ ಕಟ್ಟಿಸಿ ಆಡಿಸೋ ಜಾಗದ ಮಾಲೀಕ ಅದರಿಂದ ಲಾಭ ಮಾಡಿಕೊಂಡರೆ ಅಪರಾಧ ಆಗಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. ಆ ಅರ್ಧ ಯಾರಿಗೂ ನೆನಪಿರಲ್ಲ.

ಕಲಿಯೋ ಆಸೆ ನಿಜವಾಗಿದ್ದರೆ ಹುಣಸೆ ಬೀಜ ಇಟ್ಟು ಆಡಿ. 46ರಲ್ಲಿ 9 ಅನ್ನೋ ಲೆಕ್ಕ ಬೀಜಕ್ಕೂ ಅದೇ. "ದುಡ್ಡಿಲ್ಲದೆ ಮಜಾ ಬರಲ್ಲ" ಅಂತೀರಾ? ಅದಕ್ಕೆ ನಮ್ಮ ಅರಳಿಕಟ್ಟೆಯಲ್ಲಿ ಆಗಲೇ ಒಂದು ಹೆಸರಿದೆ.