ಪ್ರವಾಸದ ಚೀಲಕ್ಕೆ ಒಂದು ನಟ್ಟು, ಒಂದು ಮೊಳ ದಾರ

ಡಿಸೆಂಬರ್ ತಿಂಗಳು ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಒಂದು ಕಾಲಕ್ಕೆ ಮಾದನಹಿಪ್ಪರಗಾ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಶಾಲೆಗಳಿಗೆ ಪ್ರವಾಸವೆಂದರೆ ವಿಜಾಪುರದ ಗೋಳಗುಮ್ಮಟ, ಬಾದಾಮಿ, ಐಹೊಳೆ, ಹಂಪಿ, ದೂರವೆಂದರೆ ಜೋಗ. ಈಗ ಆ ಪಟ್ಟಿಗೆ ಥೀಮ್ ಪಾರ್ಕುಗಳೂ ಸೇರಿಕೊಂಡಿವೆ. ಹೈದರಾಬಾದಿನ ಹೊರಗೆ 1996ರಲ್ಲಿ ರಾಮೋಜಿ ಫಿಲ್ಮ್ ಸಿಟಿ ಆರಂಭವಾಯಿತು. ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ 2005ರಲ್ಲಿ ವಂಡರ್‌ಲಾ ತೆರೆಯಿತು. ಅದೇ ಸಂಸ್ಥೆಯ ಇನ್ನೊಂದು ಪಾರ್ಕು 2016ರಲ್ಲಿ ಹೈದರಾಬಾದಿಗೂ ಬಂತು. ಕಲಬುರಗಿಯಿಂದ ಹುಮನಾಬಾದ, ಜಹೀರಾಬಾದ ದಾಟಿ ಹೈದರಾಬಾದಿಗೆ ಸುಮಾರು 220 ಕಿಲೋಮೀಟರು. ಬೆಂಗಳೂರಿಗೆ ಹೋಲಿಸಿದರೆ ಅರ್ಧ ದಾರಿಯೂ ಅಲ್ಲ. ಆದ್ದರಿಂದ ನಮ್ಮ ಕಡೆಯ ಬಸ್ಸುಗಳು ಹೆಚ್ಚಾಗಿ ಆ ದಿಕ್ಕಿಗೇ ಮುಖ ಮಾಡುತ್ತವೆ.

ಪ್ರವಾಸದ ನೋಟೀಸು ಮನೆ ತಲುಪಿದ ಮರುದಿನವೇ ಪಾಲಕರ ಪ್ರಶ್ನೆ ಬರುತ್ತದೆ: "ಸರ, ಹುಡುಗನ ಕೂಡ ಏನೇನ್ ಕಟ್ಟಿ ಕಳಸಬೇಕ್ರೀ?" ಪ್ರಶ್ನೆ ಸಣ್ಣದು. ಆದರೆ ಉತ್ತರ ಹುಡುಕಲು ಬಹಳ ಜನ ಪೇಟೆಗೆ ಹೋಗುತ್ತಾರೆ. ಹೊಸ ಬೂಟು, ಹೊಸ ಪ್ಯಾಂಟು, ಹೊಸ ಚೀಲ. ತೊಗರಿ ಮಾರಿದ ದುಡ್ಡಿನಲ್ಲಿ ಒಂದು ಪಾಲು ಅಲ್ಲಿಯೇ ಕರಗುತ್ತದೆ. ಹೊಸ ಬೂಟು ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿ ಕಚ್ಚಿ ಗುಳ್ಳೆ ಎಬ್ಬಿಸುತ್ತದೆ, ಅದು ಬೇರೆ ಮಾತು. ನಿಜವಾಗಿ ಬೇಕಾದ ವಸ್ತುಗಳು ಮನೆಯಲ್ಲಿಯೇ ಇರುತ್ತವೆ. ಅವು ಪ್ರವಾಸದ ಸಾಮಾನುಗಳಂತೆ ಕಾಣುವುದಿಲ್ಲ, ಅಷ್ಟೆ.

ಯಾವ ವಸ್ತು ಬೇಕೆಂದು ತಿಳಿಯಲು ಒಂದೇ ಪ್ರಶ್ನೆ ಸಾಕು. ಆ ದಿನ ನನ್ನ ಮಗುವಿನ ಮೈಗೆ ಏನೇನು ಎದುರಾಗುತ್ತದೆ? ನೀರು, ಬಿಸಿಲು, ತಿರುಗಾಟ, ಜನಜಂಗುಳಿ, ಉದ್ದ ದಾರಿ. ಈ ಐದಕ್ಕೂ ವಿಜ್ಞಾನದ ಪಾಠದಲ್ಲಿ ಉತ್ತರವುಂಟು.

ಮೊದಲು ನೀರು. ಇಂಥ ಬಹುತೇಕ ಪಾರ್ಕುಗಳಲ್ಲಿ ನೀರಾಟಕ್ಕೆ ಇಳಿಯುವಾಗ ಹತ್ತಿಬಟ್ಟೆ ನಡೆಯುವುದಿಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಕೇಳುತ್ತಾರೆ. ಇದು ಬರೀ ಬಟ್ಟೆ ಮಾರುವ ಉಪಾಯವಲ್ಲ. ಹತ್ತಿಯ ಎಳೆ ನೀರು ಕುಡಿದು ಭಾರವಾಗುತ್ತದೆ, ಜೋತು ಬೀಳುತ್ತದೆ, ಈಜು ಬಾರದವರ ಕೈಕಾಲಿಗೆ ತೊಡರುತ್ತದೆ. ಅದರಿಂದ ಉದುರಿದ ನೂಲಿನ ಚೂರು ನೀರು ಸೋಸುವ ಯಂತ್ರಕ್ಕೂ ಹೋಗುತ್ತದೆ. ನೈಲಾನ್ ಎಳೆ ನೀರನ್ನು ಅಷ್ಟಾಗಿ ಹೀರುವುದಿಲ್ಲ. ಮನೆಯಲ್ಲಿ ಹಳೆಯ ಆಟದ ಅಂಗಿ-ಚಡ್ಡಿ ಇದ್ದರೆ ಅದನ್ನೇ ಹಾಕಿ ಕಳಿಸಿ. ಅಲ್ಲಿನ ನಿಯಮವೇನೆಂದು ಮೊದಲೇ ಗುರುಗಳಿಂದ ಕೇಳಿಸಿಕೊಂಡರೆ ಬಾಗಿಲಲ್ಲಿ ದುಬಾರಿ ಬಟ್ಟೆ ಕೊಳ್ಳುವ ಪ್ರಸಂಗ ಬಾರದು.

ಮೈ ಒರೆಸಲು ದಪ್ಪ ಟರ್ಕಿ ಟವೆಲ್ಲು ಬೇಡ. ಹೊಲಕ್ಕೆ ಹೋಗುವಾಗ ಹೆಗಲ ಮೇಲೆ ಹಾಕುವ ತೆಳು ಟವೆಲ್ಲು ಸಾಕು. ತೆಳುವಾದ ಬಟ್ಟೆ ಕಡಿಮೆ ನೀರು ಹಿಡಿಯುತ್ತದೆ, ಬಸ್ಸಿನ ಕಿಟಕಿಗೆ ಕಟ್ಟಿದರೆ ಬೇಗ ಒಣಗುತ್ತದೆ. ಬಿಸಿಲಲ್ಲಿ ತಲೆಗೆ ಸುತ್ತಲೂ ಅದೇ, ರಾತ್ರಿ ತಲೆಯ ಕೆಳಗೆ ಇಡಲೂ ಅದೇ. ಒದ್ದೆ ಬಟ್ಟೆಗೆಂದು ಗಟ್ಟಿಯಾದ ಎರಡು ಪ್ಲಾಸ್ಟಿಕ್ ಚೀಲ ಬೇಕು. ಎರಡೇಕೆಂದರೆ ಒಂದು ಹರಿಯಬಹುದು. ಆ ಒದ್ದೆ ಬಟ್ಟೆಯನ್ನು ಮನೆಗೆ ಬಂದ ಕೂಡಲೇ ತೆಗೆದು ಒಣಗಿಸಬೇಕು. ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ.

ಹಳೆಯ ಪತ್ರಿಕೆ ನಾಲ್ಕು ಹಾಳೆ ಇಟ್ಟುಕೊಳ್ಳಿ. ಓದಿ ಮುಗಿದ ಮೇಲೆ ಈ ಪುರವಣಿಯೂ ಆದೀತು! ಬೂಟು ಒದ್ದೆಯಾದಾಗ ಕಾಗದವನ್ನು ಉಂಡೆ ಮಾಡಿ ಒಳಗೆ ತುರುಕಬೇಕು. ಕಾಗದದ ನಾರಿನ ಸಂದುಗಳಲ್ಲಿ ನೀರು ತಾನಾಗಿಯೇ ಏರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದು ಇದೇ ರೀತಿ. ಗಂಟೆಗೊಮ್ಮೆ ಕಾಗದ ಬದಲಿಸಿದರೆ ಬೆಳಗಿನ ಹೊತ್ತಿಗೆ ಬೂಟು ಹಾಕಿಕೊಳ್ಳುವಂತಾಗುತ್ತದೆ.

ಇನ್ನು ಉದ್ದ ದಾರಿ. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳನ್ನು ಉಳಿದವರು ನಗುತ್ತಾರೆ. ನಗುವಂಥದ್ದೇನೂ ಅಲ್ಲ. ನಮ್ಮ ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಅವುಗಳಲ್ಲಿರುವ ದ್ರವ ಅಲುಗಾಡಿದಾಗ ದೇಹ ತಿರುಗುತ್ತಿದೆಯೆಂದು ಮೆದುಳಿಗೆ ಸುದ್ದಿ ಹೋಗುತ್ತದೆ. ಬಸ್ಸಿನೊಳಗೆ ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದರೆ ಕಣ್ಣು 'ಎಲ್ಲವೂ ನಿಂತಿದೆ' ಎನ್ನುತ್ತದೆ, ಕಿವಿ 'ಇಲ್ಲ, ಹೊರಳುತ್ತಿದೆ' ಎನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಅಂಥವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ರಸ್ತೆ ನೋಡಲು ಹೇಳಬೇಕು. ಚೀಲದಲ್ಲಿ ಒಂದು ತುಂಡು ಶುಂಠಿ, ಮೂರ್ನಾಲ್ಕು ಸಣ್ಣ ಪ್ಲಾಸ್ಟಿಕ್ ಚೀಲ ಇರಲಿ. ಮಾತ್ರೆ ಕೊಡುವುದಿದ್ದರೆ ವೈದ್ಯರನ್ನು ಕೇಳಿಯೇ ಕೊಡಬೇಕು. ಗೆಳೆಯನ ಮಾತ್ರೆ ಗೆಳೆಯನಿಗೇ ಇರಲಿ.

ದಾರಿಯ ಬುತ್ತಿಯ ವಿಷಯದಲ್ಲಿ ನಮ್ಮ ತಾಯಂದಿರಿಗೆ ಪಾಠ ಹೇಳುವ ಅಗತ್ಯವಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟುವಾಗ ಯಾವುದು ಮೊದಲು ಹಳಸುತ್ತದೆ, ಯಾವುದು ತಡೆಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಬಹುದಿನ ಕೆಡುವುದಿಲ್ಲ. ಕಾರಣ ಸರಳ: ಆಹಾರ ಕೆಡಿಸುವ ಸೂಕ್ಷ್ಮಜೀವಿಗಳಿಗೂ ನೀರು ಬೇಕು, ರೊಟ್ಟಿಯಲ್ಲಿ ಅದು ಇಲ್ಲ. ಚಿತ್ರಾನ್ನ, ಮೊಸರನ್ನ ಮಧ್ಯಾಹ್ನ ದಾಟುವುದು ಕಷ್ಟ. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡದ ಕಡೆ ಬುತ್ತಿ ಬಸ್ಸಿನಲ್ಲೇ ಉಳಿಯುತ್ತದೆ. ಹೊತ್ತು ನೋಡಿ ಉಣ್ಣುವ ಏರ್ಪಾಟನ್ನು ಶಿಕ್ಷಕರು ಮೊದಲೇ ಮಾಡಿಕೊಳ್ಳಬೇಕು. ಹೊಟ್ಟೆ ತುಂಬ ಉಂಡು ತಿರುಗುವ ಆಟ ಹತ್ತುವುದು ಬೇಡವೆಂದು ಬೇರೆ ಹೇಳಬೇಕಿಲ್ಲ.

ಬಿಸಿಲಿಗೆ ಎರಡು ವಸ್ತು. ಒಂದು, ನೀರಿನ ಬಾಟಲಿಗೆ ಸುತ್ತಲು ಹಳೆಯ ಕಾಲುಚೀಲ. ಅದನ್ನು ತೋಯಿಸಿ ಬಾಟಲಿಗೆ ತೊಡಿಸಿ ಗಾಳಿಗೆ ಇಟ್ಟರೆ ಒಳಗಿನ ನೀರು ತಣ್ಣಗಿರುತ್ತದೆ. ಒಂದು ಗ್ರಾಂ ನೀರು ಆವಿಯಾಗಿ ಹಾರಬೇಕಾದರೆ ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದರಲ್ಲಿ ಒಂದು ಪಾಲನ್ನು ಅದು ಬಾಟಲಿಯಿಂದಲೇ ಎಳೆದುಕೊಳ್ಳುತ್ತದೆ. ಮಣ್ಣಿನ ಗಡಿಗೆಯ ಗುಟ್ಟು ಇದೇ ತಾನೇ?

ಎರಡನೆಯದು ಓಆರ್‌ಎಸ್ ಪೊಟ್ಟಣ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಾಬಿಸ್ ಉಪ್ಪು-ಗ್ಲೂಕೋಸಿನ ನೀರು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಬೇಗ ಹೀರಿಕೊಳ್ಳುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಸುರಿಯಬೇಕು, ಅರ್ಧ-ಮರ್ಧ ಮಾಡಬಾರದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಚಹಾ ಚಮಚದಿಂದ ಆರು ಸಮತಟ್ಟು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಗುಣಕ್ಕಿಂತ ಅವಗುಣವೇ ಹೆಚ್ಚು.

ಇನ್ನು ತಿರುಗಾಟ. ಇಲ್ಲಿ ನಾಲ್ಕು ಹೇರ್ ಬ್ಯಾಂಡು, ಆರೇಳು ಸೇಫ್ಟಿ ಪಿನ್ನು, ಕನ್ನಡಕಕ್ಕೆ ಕಟ್ಟುವ ಇಲಾಸ್ಟಿಕ್ ಪಟ್ಟಿ ಬೇಕು. ವೇಗವಾಗಿ ತಿರುಗುವ ಆಟದಲ್ಲಿ ಕಟ್ಟಿಲ್ಲದ ಕನ್ನಡಕ ಸ್ಪರ್ಶರೇಖೆಯ ದಿಕ್ಕಿನಲ್ಲಿ ಹಾರಿಹೋಗುತ್ತದೆ. ಕೂದಲು, ದುಪಟ್ಟಾಗಳ ಮಾತು ಇದಕ್ಕಿಂತ ಗಂಭೀರ. ಪ್ರಸಿದ್ಧ ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಸತ್ತದ್ದು ಕೊರಳಿನ ಉದ್ದ ವಸ್ತ್ರ ಕಾರಿನ ಚಕ್ರಕ್ಕೆ ಸುತ್ತಿಕೊಂಡು. 2020ರಲ್ಲಿ ಹೈದರಾಬಾದಿನ ಬಳಿ ಗೋ-ಕಾರ್ಟ್ ಓಟದಲ್ಲಿ ಚಕ್ರಕ್ಕೆ ಕೂದಲು ಸಿಲುಕಿ ಒಬ್ಬ ಯುವತಿ ತೀರಿಕೊಂಡಳು. ತಿರುಗುವ ಚಕ್ರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಲವು ಸುತ್ತು ಹಾಕಿರುತ್ತದೆ. ಎಳೆದುಕೊಳ್ಳಲು ನಮಗೆ ಸಮಯವೇ ಸಿಗುವುದಿಲ್ಲ. ಆದ್ದರಿಂದ ಜಡೆ ಹೆಣೆದು ಮೇಲೆ ಕಟ್ಟಬೇಕು, ದುಪಟ್ಟಾ ತೆಗೆದಿಡಬೇಕು. ಪಿನ್ನುಗಳು ಹರಿದ ಬಟ್ಟೆಗೆ, ಕಿತ್ತ ಚೀಲಕ್ಕೆ. ನೀರಿಗಿಳಿಯುವಾಗ, ಆಟ ಹತ್ತುವಾಗ ಅವು ಮೈಮೇಲೆ ಬೇಡ. ಬಂಗಾರದ ಸರ, ಬೆಂಡೋಲೆ ಮನೆಯಲ್ಲೇ ಇರಲಿ.

ಜನಜಂಗುಳಿಗೆ ಎರಡು ವಸ್ತು. ನಿಂಬೆಹಳದಿ ಬಣ್ಣದ ಬಟ್ಟೆಯ ಪಟ್ಟಿ ಪ್ರತಿ ಮಗುವಿನ ಮುಂಗೈಗೂ ಇರಲಿ. ಹಗಲಿನಲ್ಲಿ ನಮ್ಮ ಕಣ್ಣು ಹಳದಿ-ಹಸಿರು ಬೆಳಕಿಗೆ ಎಲ್ಲಕ್ಕಿಂತ ಹೆಚ್ಚು ಸ್ಪಂದಿಸುತ್ತದೆ. ನೂರು ಮಕ್ಕಳ ನಡುವೆ ನಮ್ಮವರು ಬೇಗ ಗುರುತು ಸಿಗುತ್ತಾರೆ. ಎರಡನೆಯದು, ಶಿಕ್ಷಕರ ಮತ್ತು ಮನೆಯ ಫೋನ್ ನಂಬರನ್ನು ಬಾಲ್‌ಪೆನ್ನಿನಲ್ಲಿ ಬರೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚೀಟಿ. ಮೊಬೈಲ್ ಲಾಕರಿನಲ್ಲಿರುತ್ತದೆ, ಈಗಿನ ಮಕ್ಕಳಿಗೆ ಅಪ್ಪನ ನಂಬರು ಬಾಯಿಪಾಠವಿರುವುದಿಲ್ಲ. ತಪ್ಪಿಸಿಕೊಂಡರೆ ಓಡಾಡಬಾರದು, ಸಮವಸ್ತ್ರದ ಸಿಬ್ಬಂದಿಯ ಬಳಿ ಹೋಗಿ ಅಲ್ಲೇ ನಿಲ್ಲಬೇಕೆಂದು ಮನೆಯಲ್ಲಿಯೇ ಹೇಳಿಕೊಟ್ಟಿರಬೇಕು. ಹುಡುಕುವವರೂ ತಪ್ಪಿಸಿಕೊಂಡವರೂ ಇಬ್ಬರೂ ಓಡಾಡಿದರೆ ಭೇಟಿ ತಡವಾಗುತ್ತದೆ.

ಈಗ ತಲೆಬರಹದ ಮಾತಿಗೆ ಬರೋಣ. ಪ್ರತಿ ತಂಡದಲ್ಲೂ ಆಟ ಹತ್ತಲು ಹೆದರುವ, ಎತ್ತರ ಸಾಲದ, ತಲೆಸುತ್ತುವ ಕೆಲವು ಮಕ್ಕಳು ಇದ್ದೇ ಇರುತ್ತಾರೆ. ಉಳಿದವರ ಚಪ್ಪಲಿ-ಚೀಲ ಕಾಯುವುದೇ ಅವರ ಪ್ರವಾಸವಾಗಿಬಿಡುತ್ತದೆ. ಅಂಥವರ ಚೀಲದಲ್ಲಿ ಒಂದು ಮೊಳ ದಾರ, ಒಂದು ನಟ್ಟು, ಒಂದು ಕೋನಮಾಪಕ, ಒಂದು ಕೈಗಡಿಯಾರ ಇರಲಿ.

ಬಸ್ಸಿನಲ್ಲೇ ಶುರುಮಾಡಬಹುದು. ಕೋನಮಾಪಕದ ನಡುಬಿಂದುವಿನಿಂದ ನಟ್ಟು ಜೋತುಬಿಡಿ. ಬಸ್ಸು ಹೊರಡುವಾಗ ದಾರ ಹಿಂದಕ್ಕೆ ವಾಲುತ್ತದೆ, ಬ್ರೇಕು ಹಾಕಿದಾಗ ಮುಂದಕ್ಕೆ. ನೆಟ್ಟಗಿನ ಗೆರೆಯಿಂದ 10 ಡಿಗ್ರಿ ವಾಲಿತೆಂದರೆ ಬಸ್ಸಿನ ವೇಗ ಪ್ರತಿ ಸೆಕೆಂಡಿಗೂ ಗಂಟೆಗೆ ಸುಮಾರು 6 ಕಿಲೋಮೀಟರಿನಷ್ಟು ಏರುತ್ತಿದೆ ಎಂದರ್ಥ. ಜೊತೆಗೆ ನೀರಿನ ಬಾಟಲಿಯಲ್ಲಿ ಸ್ವಲ್ಪ ಗಾಳಿ ಬಿಟ್ಟು ಉದ್ದಕ್ಕೆ ಮಲಗಿಸಿ ನೋಡಿ. ಬಸ್ಸು ಹೊರಟಾಗ ಗಾಳಿಗುಳ್ಳೆ ಹಿಂದಕ್ಕಲ್ಲ, ಮುಂದಕ್ಕೆ ಓಡುತ್ತದೆ! ಏಕೆ? ಭಾರವಾದ ನೀರು ಹಿಂದೆ ಉಳಿಯುತ್ತದೆ, ಹಗುರವಾದ ಗುಳ್ಳೆಯನ್ನು ಮುಂದಕ್ಕೆ ತಳ್ಳುತ್ತದೆ.

ಪಾರ್ಕಿನಲ್ಲಿ ತೂಗುವ ಹಡಗಿನ ಎದುರು ಬೆಂಚಿನ ಮೇಲೆ ಕುಳಿತು ಗಡಿಯಾರ ಹಿಡಿಯಿರಿ. ಹಡಗು ಒಂದು ತುದಿಯಿಂದ ಹೊರಟು ಮತ್ತೆ ಅದೇ ತುದಿಗೆ ಬರಲು ಎಷ್ಟು ಸೆಕೆಂಡು? ಆ ಸಂಖ್ಯೆಯನ್ನು ವರ್ಗ ಮಾಡಿ ನಾಲ್ಕರಿಂದ ಭಾಗಿಸಿ. 6 ಸೆಕೆಂಡಾದರೆ 36ನ್ನು ನಾಲ್ಕರಿಂದ ಭಾಗಿಸಿದಾಗ 9. ಮೇಲಿನ ಅಚ್ಚಿನಿಂದ ಹಡಗಿನವರೆಗಿನ ಉದ್ದ ಹೆಚ್ಚುಕಡಿಮೆ 9 ಮೀಟರ್. ಹತ್ತನೆಯ ತರಗತಿ ದಾಟಿದವರಿಗೆ ಇದು ಸರಳ ಲೋಲಕದ ಸೂತ್ರವೆಂದು ಹೊಳೆದಿರಬೇಕು. ಹಡಗು ಬಹಳ ಎತ್ತರಕ್ಕೆ ತೂಗುವಾಗ ಲೆಕ್ಕ ಸ್ವಲ್ಪ ತಪ್ಪುತ್ತದೆ. ಆಟ ಮುಗಿಯುವಾಗ ಮೆಲ್ಲಗೆ ತೂಗುತ್ತಿರುವಾಗ ಅಳೆದರೆ ಒಳ್ಳೆಯದು. ಜನ ತುಂಬಿದ್ದಾಗಲೂ ಅರ್ಧ ಖಾಲಿ ಇದ್ದಾಗಲೂ ಅಳೆದು ನೋಡಿ, ಸಮಯ ಬಹುಮಟ್ಟಿಗೆ ಒಂದೇ. ಒಂದು ಎಚ್ಚರ: ದಾರ, ನಟ್ಟು ಹಿಡಿದು ಆಟದ ಮೇಲೆ ಹತ್ತಬಾರದು. ಅವು ನೆಲದ ಮೇಲಿನ ಪ್ರಯೋಗಕ್ಕೆ ಮಾತ್ರ. ಸಂಜೆ ಬಸ್ಸಿನಲ್ಲಿ ಎಲ್ಲರೂ ಕೂಗಾಡಿದ್ದನ್ನು ಹೇಳುವಾಗ ಈ ಹುಡುಗನ ಬಳಿಯೂ ಹೇಳಲು ಒಂದು ಮಾತಿರುತ್ತದೆ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ದಿನ ಇನ್ನೂ ದೂರವಿದೆಯೆಂದು ಲೆಕ್ಕ ಹಾಕಿದರೂ ಎರಡು-ಮೂರು ಪ್ಯಾಡು, ಒಂದು ಜೊತೆ ಒಳಬಟ್ಟೆ, ಒಂದಿಷ್ಟು ಹಳೆಯ ಕಾಗದ ಚೀಲದಲ್ಲಿಡಿ. ಪ್ರಯಾಣ, ನಿದ್ದೆಗೇಡಿನಲ್ಲಿ ದಿನ ಹಿಂದು-ಮುಂದಾಗಬಹುದು. ಪ್ರವಾಸಕ್ಕೆ ಹೆಣ್ಣುಮಗಳನ್ನು ಕಳಿಸದಿರಲು ಇದು ಕಾರಣವಾಗಬಾರದು; ನಾಲ್ಕು ವಸ್ತು ಚೀಲದಲ್ಲಿದ್ದರೆ ಅವಳು ಧೈರ್ಯವಾಗಿ ಹೋಗಿಬರುತ್ತಾಳೆ.

ಕೊನೆಯ ವಸ್ತು ಚೀಲಕ್ಕಲ್ಲ, ಶಿಕ್ಷಕರ ಕೈಗೆ ಕೊಡಬೇಕಾದದ್ದು. ಮಗುವಿಗೆ ಉಬ್ಬಸವೋ, ಮೂರ್ಛೆರೋಗವೋ, ಹೃದಯದ ತೊಂದರೆಯೋ ಇದ್ದರೆ, ಯಾವ ಮಾತ್ರೆ ನಡೆಯುತ್ತಿದೆ, ಯಾವುದು ಆಗಿಬರುವುದಿಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಹೇಳಿದರೆ ಮಗುವನ್ನು ಕರೆದೊಯ್ಯುವುದಿಲ್ಲವೆಂದು ಕೆಲವು ಪಾಲಕರು ಮುಚ್ಚಿಡುತ್ತಾರೆ. ಅವರ ಆತಂಕ ಅರ್ಥವಾಗುತ್ತದೆ. ಆದರೆ ಮೂರ್ಛೆ ಬರುವ ಮಗು ಎದೆಮಟ್ಟದ ನೀರಿನಲ್ಲಿ ನಿಂತಾಗ ಅದನ್ನು ತಿಳಿದವರು ಒಬ್ಬರಾದರೂ ದಡದಲ್ಲಿರಬೇಡವೇ? ಚೀಟಿ ಕೈಗೆ ಬಂದ ಮೇಲೆ ಶಿಕ್ಷಕರದೂ ಒಂದು ಕರ್ತವ್ಯವುಂಟು: ಮಗುವನ್ನು ಊರಲ್ಲೇ ಬಿಡುವುದಲ್ಲ, ಅದಕ್ಕೆ ಯಾವ ಆಟ ಆದೀತು, ಯಾವುದು ಬೇಡವೆಂದು ವೈದ್ಯರನ್ನು ಕೇಳಿ, ಜೊತೆಯಲ್ಲೇ ಇಟ್ಟುಕೊಂಡು ತಿರುಗಿಸಿ ತರುವುದು.

ಹೊರಡುವ ಹಿಂದಿನ ಸಂಜೆ ಚೀಲವನ್ನು ತಾಯಿಯೊಬ್ಬಳೇ ತುಂಬಬೇಕಾಗಿಲ್ಲ. ಮಗುವನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ವಸ್ತು ಕೈಗೆ ಕೊಟ್ಟು "ಇದು ಯಾಕಪ್ಪಾ?" ಎಂದು ಕೇಳಿ. ಉತ್ತರ ಬಂದರೆ ಒಳಗಿಡಿ, ಬಾರದಿದ್ದರೆ ಹೇಳಿಕೊಡಿ. ಯಾವುದು ಎಲ್ಲಿದೆ, ಏಕಿದೆ ಎಂದು ತಿಳಿದ ಮಗು ಅದನ್ನು ಹೊತ್ತಿಗೆ ಸರಿಯಾಗಿ ತೆಗೆದು ಬಳಸುತ್ತದೆ.