ಮೂರು ದಿನಗಳ ಬಳಿಕ ಆ ಮನೆಗೆ ಯಾರು ಹೋಗುತ್ತಾರೆ?

ಮರಣ ಸಂಭವಿಸಿದ ಮನೆಯ ದೃಶ್ಯ ನಮಗೆಲ್ಲ ಪರಿಚಿತ. ಜನಾಝಾ ನಮಾಝ್‌ಗೆ ಮಸೀದಿ ತುಂಬುತ್ತದೆ. ದಫನ ಮುಗಿಯುವವರೆಗೂ ಜನರು ಕಬರಸ್ತಾನದಲ್ಲಿ ನಿಲ್ಲುತ್ತಾರೆ. ನೆರೆಮನೆಗಳಿಂದ ಊಟ ಬರುತ್ತದೆ. ಮೂರು ದಿನ ಅಂಗಳದ ಕುರ್ಚಿಗಳು ಬರಿದಾಗುವುದಿಲ್ಲ. ಬಂದವರೆಲ್ಲ “ಅಳಬೇಡಿ, ಸಬರ್ ಮಾಡಿ” ಎಂದು ಹೇಳಿ ಹೋಗುತ್ತಾರೆ. ನಾಲ್ಕನೆಯ ದಿನ ಕುರ್ಚಿಗಳನ್ನು ಮಡಚಿಡಲಾಗುತ್ತದೆ. ಪತ್ನಿಯನ್ನು ಕಳೆದುಕೊಂಡ ವೃದ್ಧರು ಅಂದಿನಿಂದ ಒಬ್ಬಂಟಿಯಾಗಿ ಚಹಾ ಕುಡಿಯುತ್ತಿರುವುದನ್ನು ಗಮನಿಸುವವರು ವಿರಳ.

ನಮ್ಮ ಈ ಸಾಂತ್ವನದಲ್ಲಿ ಎರಡು ತಪ್ಪು ಕಲ್ಪನೆಗಳು ಅಡಗಿವೆ. ಕಣ್ಣೀರು ಸಹನೆಗೆ ವಿರುದ್ಧವೆಂಬುದು ಒಂದು. ದುಃಖದ ಅವಧಿ ಮೂರೇ ದಿನವೆಂಬುದು ಇನ್ನೊಂದು.

ಮೊದಲನೆಯದಕ್ಕೆ ಪ್ರವಾದಿವರ್ಯರ(ಸ) ಜೀವನವೇ ಉತ್ತರ. ಎರಡು ವರ್ಷವೂ ತುಂಬದ ಪುತ್ರ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಅವರ ಕಣ್ಣುಗಳು ತುಂಬಿ ಹರಿದವು. ಅದನ್ನು ಕಂಡು ಅಚ್ಚರಿಪಟ್ಟ ಅನುಚರರಿಗೆ ಅದು ಕಾರುಣ್ಯವೆಂದು ಅವರು ತಿಳಿಸಿದರು. ಪುತ್ರ ಯೂಸುಫರ ಅಗಲಿಕೆಯಿಂದ ಪ್ರವಾದಿ ಯಾಕೂಬ್(ಅ) ದೃಷ್ಟಿಯನ್ನೇ ಕಳೆದುಕೊಂಡ ವೃತ್ತಾಂತ ಪವಿತ್ರ ಕುರ್‌ಆನಿನಲ್ಲಿದೆ. ಆದರೂ ಅವರು ಉತ್ತಮ ಸಹನೆಯ ಮಾದರಿಯೇ ಆಗಿದ್ದಾರೆ. ಇಸ್ಲಾಮ್ ನಿಷೇಧಿಸಿರುವುದು ಬಟ್ಟೆ ಹರಿದುಕೊಂಡು, ಎದೆ ಬಡಿದುಕೊಂಡು ವಿಧಿಯನ್ನು ಹಳಿಯುವ ಗೋಳಾಟವನ್ನು. ಮೌನವಾಗಿ ಇಳಿಯುವ ಕಣ್ಣೀರನ್ನಲ್ಲ.

ಎರಡನೆಯ ಕಲ್ಪನೆಯ ಅಪಾಯವನ್ನು ಸಂಶೋಧನೆಗಳು ಸ್ಪಷ್ಟಪಡಿಸುತ್ತವೆ. ಬ್ರಿಟನ್ನಿನ ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್ ಮತ್ತು ಅವರ ಸಹೋದ್ಯೋಗಿಗಳು 1957ರಲ್ಲಿ ಪತ್ನಿಯನ್ನು ಕಳೆದುಕೊಂಡ, 55 ವರ್ಷ ಮೀರಿದ 4,486 ಪುರುಷರ ಮುಂದಿನ ಒಂಬತ್ತು ವರ್ಷಗಳ ವಿವರವನ್ನು ಪರಿಶೀಲಿಸಿದರು. 1969ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮೊದಲ ಆರು ತಿಂಗಳಲ್ಲೇ ಅವರಲ್ಲಿ 213 ಮಂದಿ ಮೃತಪಟ್ಟಿದ್ದರು. ಅದೇ ವಯಸ್ಸಿನ ವಿವಾಹಿತ ಪುರುಷರ ಮರಣ ಪ್ರಮಾಣಕ್ಕಿಂತ ಇದು ಶೇಕಡಾ 40ರಷ್ಟು ಹೆಚ್ಚು. ಈ ಹೆಚ್ಚಳದಲ್ಲಿ ಹೃದ್ರೋಗದ ಪಾಲೇ ದೊಡ್ಡದು. ಆ ಬಳಿಕ ಮರಣ ಪ್ರಮಾಣ ಕ್ರಮೇಣ ಇಳಿದು ವಿವಾಹಿತರ ಮಟ್ಟಕ್ಕೆ ಬಂತು. ಹೃದಯಾಘಾತಕ್ಕೊಳಗಾಗಿ ಬದುಕುಳಿದವರ ಬಗ್ಗೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಆಪ್ತರು ಮರಣ ಹೊಂದಿದ ಮೊದಲ 24 ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಸುಮಾರು 21 ಪಟ್ಟು ಹೆಚ್ಚುತ್ತದೆ. ದಿನ ಕಳೆದಂತೆ ಇಳಿಯುತ್ತದೆ.

ಹಾಗಾದರೆ ಮೂರು ದಿನಗಳ ನಿಯಮದ ಅರ್ಥವೇನು? ಅದು ಬಾಹ್ಯ ಶೋಕಾಚರಣೆಗೆ ಹಾಕಿದ ಮಿತಿ, ಹೃದಯದ ನೋವಿಗೆ ಹಾಕಿದ ಗಡುವಲ್ಲ. ವಿಧವೆಗೆ ಶರೀಅತ್ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ನಿಗದಿಪಡಿಸಿದೆ. ಪುರುಷನಿಗೆ ಇದ್ದತ್ ಇಲ್ಲ. ಆದ್ದರಿಂದ ಅವನಿಗೆ ದುಃಖವೂ ಇಲ್ಲವೆಂದು ನಾವು ಭಾವಿಸಿದಂತಿದೆ. ನಾಲ್ಕನೆಯ ದಿನ ಅಂಗಡಿಯ ಬಾಗಿಲು ತೆರೆದವನನ್ನು ಗಟ್ಟಿಗನೆಂದು ಹೊಗಳುತ್ತೇವೆ. ಪ್ರವಾದಿವರ್ಯರು(ಸ) ಖದೀಜಾರನ್ನು(ರ) ಕಳೆದುಕೊಂಡ ವರ್ಷವನ್ನು ಇತಿಹಾಸವು ದುಃಖದ ವರ್ಷವೆಂದು ಕರೆದಿದೆ. ಅನೇಕ ವರ್ಷಗಳ ನಂತರವೂ ಅವರು ಕುರಿ ಕೊಯ್ದಾಗ ಖದೀಜಾರ ಗೆಳತಿಯರಿಗೆ ಪಾಲು ಕಳುಹಿಸುತ್ತಿದ್ದರು. ಅಗಲಿದವರನ್ನು ಮರೆಯುವುದೇ ಚೇತರಿಕೆ ಎಂಬ ಹಳೆಯ ವಾದವನ್ನು ಇಂದು ಅನೇಕ ಸಂಶೋಧಕರೂ ಒಪ್ಪುವುದಿಲ್ಲ. ನೆನಪಿನ ನಂಟನ್ನು ಉಳಿಸಿಕೊಂಡೇ ಬದುಕು ಮುಂದುವರಿಯಬಹುದೆಂದು ಅವರು ಹೇಳುತ್ತಾರೆ.

ಜಅಫರ್(ರ) ಮುಅ್ತಾ ಯುದ್ಧದಲ್ಲಿ ಹುತಾತ್ಮರಾದಾಗ ಅವರ ಕುಟುಂಬಕ್ಕೆ ಆಹಾರ ಸಿದ್ಧಪಡಿಸಲು ಪ್ರವಾದಿವರ್ಯರು(ಸ) ಸೂಚಿಸಿದರು. ಈ ಸುನ್ನತ್ ನಮ್ಮಲ್ಲಿ ಉಳಿದಿದೆ. ಆದರೆ ಇನ್ನೊಂದನ್ನು ನಾವು ಮರೆತಿದ್ದೇವೆ. ಕುಟುಂಬದಲ್ಲಿ ಯಾರಾದರೂ ತೀರಿಕೊಂಡರೆ, ನೆರೆದ ಮಹಿಳೆಯರು ಚದುರಿ ಮನೆಯವರು ಮತ್ತು ಆಪ್ತರಷ್ಟೇ ಉಳಿದ ಬಳಿಕ ಆಯಿಶಾ(ರ) ತಲ್ಬೀನಾ ಎಂಬ ಬಾರ್ಲಿ ಗಂಜಿಯನ್ನು ಮಾಡಿಸುತ್ತಿದ್ದರು. ದುಃಖಿತರ ಹೃದಯಕ್ಕೆ ಅದು ನೆಮ್ಮದಿ ನೀಡುತ್ತದೆಂದು ಅವರು ಪ್ರವಾದಿವರ್ಯರಿಂದ(ಸ) ಕೇಳಿದ್ದರು. ಜನರು ಹೋದ ಮೇಲೆ ಆರಂಭವಾಗುವ ಸಾಂತ್ವನ ಅದು.

ನಮ್ಮ ಜಮಾಅತ್‌ಗಳು ಇದನ್ನು ಸುಲಭವಾಗಿ ಮಾಡಬಹುದು. ಮರಣವಾದ ಮನೆಗೆ ಕನಿಷ್ಠ ಆರು ತಿಂಗಳು ವಾರಕ್ಕೊಮ್ಮೆ ಯಾರಾದರೂ ಹೋಗಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಅವರು ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆಯೇ, ಊಟ ಮಾಡುತ್ತಿದ್ದಾರೆಯೇ ಎಂದು ವಿಚಾರಿಸಲಿ. ಬಹುತೇಕರು ಕಾಲಕ್ರಮೇಣ ಚೇತರಿಸಿಕೊಳ್ಳುತ್ತಾರೆ. ಆದರೆ ಆರು ತಿಂಗಳು ಕಳೆದರೂ ದುಃಖ ತೀವ್ರವಾಗಿದ್ದು ದಿನಚರಿಯೇ ಸಾಧ್ಯವಾಗದಿದ್ದರೆ ಅದಕ್ಕೆ ಚಿಕಿತ್ಸೆ ಬೇಕಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ವೈದ್ಯರ ಬಳಿಗೆ ಹೋಗುವುದು ಈಮಾನಿನ ಕೊರತೆಯಲ್ಲ.

ಈ ಶುಕ್ರವಾರ ಜುಮಾ ಮುಗಿದ ಬಳಿಕ ನಮ್ಮ ಮೊಹಲ್ಲಾದಲ್ಲಿ ಕಳೆದ ಆರು ತಿಂಗಳಲ್ಲಿ ಮರಣವಾದ ಮನೆಗಳು ಯಾವುವೆಂದು ನೆನಪಿಸಿಕೊಳ್ಳೋಣ. ಅವುಗಳಲ್ಲಿ ಒಂದರ ಬಾಗಿಲು ತಟ್ಟೋಣ. ಅಲ್ಲಿ ಉಪದೇಶ ಮಾಡಬೇಕಾಗಿಲ್ಲ. ಅಗಲಿದವರ ಹೆಸರೆತ್ತಿ, ಅವರ ಬಗ್ಗೆ ಮನೆಯವರು ಹೇಳುವುದನ್ನು ಕೇಳಿಸಿಕೊಂಡರೆ ಸಾಕು.